ಮಕ್ಕಳ ಪುಸ್ತಕದ ಕಪಾಟಿನಲ್ಲಿ ಅಳುವಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಶಾಲೆಗಳು ಶುರುವಾಗಿವೆ. ಇನ್ನು ಕೆಲವು ತಿಂಗಳಲ್ಲಿ ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳುವ ಪಟ್ಟಿಗಳು ತಯಾರಾಗುತ್ತವೆ. ಈ ಸಲವೂ ಅವುಗಳಲ್ಲಿ ಮಹಾಪುರುಷರ ಜೀವನಚರಿತ್ರೆ, ನೀತಿಕಥೆ, ಸಾಮಾನ್ಯ ಜ್ಞಾನ, ಪ್ರಬಂಧ ಸಂಗ್ರಹಗಳೇ ತುಂಬಿಕೊಳ್ಳುವ ಸಾಧ್ಯತೆ ಹೆಚ್ಚು. ಅವು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಗೆಳತಿ ಮಾತು ಬಿಟ್ಟಾಗ, ಮನೆಗೆ ಪಾಪು ಬಂದಾಗ, ಅಜ್ಜ ತೀರಿಕೊಂಡಾಗ, ಊರು ಬಿಡಬೇಕಾಗಿ ಬಂದಾಗ ಮಗುವಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಕಥೆಯಾಗಿ ಹೇಳುವ ಪುಸ್ತಕಗಳು ಅದೇ ಕಪಾಟಿನಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಇಂಥ ಪುಸ್ತಕ ಆರಿಸುವುದು ಹೇಗೆ, ಮಕ್ಕಳಿಗೆ ಓದಿ ಹೇಳುವುದು ಹೇಗೆ, ಎಲ್ಲಿ ಕೆಡುತ್ತದೆ ಎಂಬುದನ್ನು ಶಿಕ್ಷಕರ, ಗ್ರಂಥಾಲಯ ಮೇಲ್ವಿಚಾರಕರ ಮತ್ತು ತಂದೆತಾಯಿಯರ ಮುಂದಿಡಲು ಈ ಪತ್ರ.

ನಮ್ಮ ಮಕ್ಕಳ ಬದುಕಿನಲ್ಲಿ ಬದಲಾವಣೆಗೇನೂ ಬರವಿಲ್ಲ. ಯಾದಗಿರಿ, ಕಲಬುರಗಿ, ರಾಯಚೂರು ಕಡೆಯ ಎಷ್ಟೋ ಮಕ್ಕಳು ಸುಗ್ಗಿ ಮುಗಿಯುತ್ತಿದ್ದಂತೆ ಅಪ್ಪ ಅವ್ವನ ಜೊತೆ ಗುಳೆ ಹೋಗುತ್ತಾರೆ. ಇಲ್ಲವೇ ಅವರನ್ನು ಕಳಿಸಿ ಅಜ್ಜಿಯ ಹತ್ತಿರ ಉಳಿಯುತ್ತಾರೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ, ನವೋದಯಕ್ಕೆ ಸೇರುವ ಮಗು ಆರನೇ ತರಗತಿಗೇ ಮನೆ ಬಿಡುತ್ತದೆ. ಆಗಿನ್ನೂ ಅದಕ್ಕೆ ಹನ್ನೊಂದು ವರ್ಷ. ಕನ್ನಡ ಶಾಲೆಯಿಂದ ಇಂಗ್ಲಿಷ್ ಶಾಲೆಗೆ ಹೋದ ಹುಡುಗ ನಿನ್ನೆಯವರೆಗೆ ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತಿದ್ದವನು, ಇವತ್ತು ಬಾಯಿ ಬಿಡುವುದಿಲ್ಲ. ಕಾಲೇಜು ಸೇರುವವರಿಗೆ ಸಲಹೆ ಹೇಳುವ ಪುಸ್ತಕಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಹಾಸ್ಟೆಲ್‌ನ ಮೊದಲ ರಾತ್ರಿಯ ಬಗ್ಗೆ ಹನ್ನೊಂದು ವರ್ಷದವರಿಗೆ ಹೇಳುವ ಕನ್ನಡ ಪುಸ್ತಕಗಳು ಎಷ್ಟಿವೆ?

ಮಕ್ಕಳಿಗೆ ದುಃಖದ ವಿಷಯ ಯಾಕೆ ಎಂದು ಕೇಳುವವರಿದ್ದಾರೆ. ಕನ್ನಡದ ಮಕ್ಕಳು ತಲೆತಲಾಂತರದಿಂದ ಕೇಳಿ ಬೆಳೆದ ಗೋವಿನ ಹಾಡಿನಲ್ಲಿ ಇರುವುದಾದರೂ ಏನು? ಸಾಯಲು ಹೊರಟ ತಾಯಿ, ಇನ್ನು ತನಗೆ ಯಾರು ದಿಕ್ಕು ಎಂದು ಕೇಳುವ ಕರು. ಹಾಡಿನ ಕೊನೆ ಬೇಕಾದರೆ ಮರೆತುಹೋಗಲಿ, ಕರುವಿನ ಆ ಪ್ರಶ್ನೆಗಳನ್ನು ಕೇಳಿದ ಯಾವ ಮಗುವೂ ಮರೆಯುವುದಿಲ್ಲ. ಅಗಲಿಕೆಯನ್ನು ಮಕ್ಕಳ ಮುಂದಿಡಲು ನಮ್ಮ ಹಿರಿಯರು ಹೆದರಲಿಲ್ಲ. ನಾವು ಮಾತ್ರ ಹೆದರುತ್ತಿದ್ದೇವೆ.

ಪುಸ್ತಕ ಆರಿಸುವಾಗ ನಾವು ಮೊದಲು ನೋಡುವುದು ಕೊನೆಯ ಎರಡು ಪುಟ. ನಾಯಿ ಸತ್ತ ಕಥೆಯಲ್ಲಿ ಮರುದಿನವೇ ಹೊಸ ನಾಯಿಮರಿ ಬಂದಿದೆಯೇ? ಊರು ಬಿಟ್ಟು ಹೋದ ಗೆಳೆಯ ಕೊನೆಗೆ ವಾಪಸ್ ಬಂದುಬಿಟ್ಟನೇ? ಹಾಗಿದ್ದರೆ ಅದು ಬದಲಾವಣೆಯ ಪುಸ್ತಕವಲ್ಲ, ಬದಲಾವಣೆ ರದ್ದಾದ ಪುಸ್ತಕ. ಓದುವ ಮಗುವಿನ ಗೆಳೆಯ ವಾಪಸ್ ಬರುವುದಿಲ್ಲವಲ್ಲ. ಒಳ್ಳೆಯ ಪುಸ್ತಕದಲ್ಲಿ ಆದದ್ದು ಆದಂತೆಯೇ ಇರುತ್ತದೆ, ಅದರ ನಡುವೆ ಮಗುವಿಗೆ ಸಣ್ಣದೊಂದು ಹಿಡಿತ ಸಿಗುತ್ತದೆ. ಹೊಸ ಬೀದಿಯಲ್ಲಿ ಒಂದು ಅಂಗಡಿಯ ಗುರುತು ಹತ್ತುತ್ತದೆ, ಹಾಸ್ಟೆಲ್‌ನಲ್ಲಿ ಪಕ್ಕದ ಹಾಸಿಗೆಯವಳ ಹೆಸರು ಗೊತ್ತಾಗುತ್ತದೆ. ಅಷ್ಟಾದರೆ ಸಾಕು.

ಎರಡನೆಯದಾಗಿ, ಕೊನೆಯ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಓದಿ. ಕಥೆ ಅಷ್ಟರಲ್ಲೇ ಮುಗಿದಿದ್ದರೆ ಆ ಪ್ಯಾರಾ ಲೇಖಕರು ದೊಡ್ಡವರ ಸಮಾಧಾನಕ್ಕೆ ಬರೆದದ್ದು. ಅಷ್ಟಕ್ಕೇ ಪುಸ್ತಕವನ್ನು ಬಿಡಬೇಕಾಗಿಲ್ಲ, ಓದಿ ಹೇಳುವಾಗ ಆ ಸಾಲುಗಳನ್ನು ಬಿಟ್ಟರಾಯಿತು. ಆದರೆ ಗಂಟು ಬಿಡಿಸುವವರು ಯಾರು ಎಂಬುದನ್ನು ಮಾತ್ರ ನೋಡಲೇಬೇಕು. ಟೀಚರೋ ಅಜ್ಜನೋ ಬಂದು ನಾಲ್ಕು ಬುದ್ಧಿಮಾತು ಹೇಳಿದೊಡನೆ ಮಕ್ಕಳಿಬ್ಬರೂ ಕೈಕುಲುಕುವ ಕಥೆಯನ್ನು ಎಂಟು ವರ್ಷದ ಮಗು ನಂಬುವುದಿಲ್ಲ. ಆಟದ ಮೈದಾನದಲ್ಲಿ ರಾಜಿ ಹಾಗೆ ಆಗುವುದಿಲ್ಲವೆಂದು ಅದಕ್ಕೆ ಚೆನ್ನಾಗಿ ಗೊತ್ತು.

ಮೂರನೆಯದು ಭಾವನೆಯನ್ನು ಪುಸ್ತಕ ಹೇಳುವ ರೀತಿ. ಗುಳೆ ಹೊರಟ ಮನೆಯ ಒಂದು ಪುಟವನ್ನು ಹೀಗೆ ಬರೆಯಬಹುದು: ‘ರೇಣುಕಾಳಿಗೆ ಬಹಳ ದುಃಖವಾಯಿತು. ಆದರೂ ಅವಳು ಧೈರ್ಯದಿಂದ ಹೊಸ ಊರಿಗೆ ಹೊರಟಳು.’ ಹೀಗೂ ಬರೆಯಬಹುದು: ‘ಟಂಟಂನಾಗ ಹಾಸಿಗಿ ಸುತ್ತಿ ಇಟ್ಟರು. ಕೊಡ ಇಟ್ಟರು. ಆಡಿನ ಮರಿ ಅಂಗಳದಾಗ ನಿಂತು ನೋಡ್ತಿತ್ತು. “ಇದಕ್ಕ ಇನ್ನ ಯಾರು ತಪ್ಪಲ ಹಾಕ್ತಾರ?” ರೇಣುಕಾ ಕೇಳಿದಳು. ಅವ್ವ ಹಗ್ಗ ಬಿಗೀತಿದ್ದಳು.’ ಎರಡನೆಯದರಲ್ಲಿ ದುಃಖ ಎಂಬ ಮಾತೇ ಇಲ್ಲ. ಅವ್ವ ಉತ್ತರ ಕೊಡುವುದಿಲ್ಲ, ಮುಂದಿನ ಪುಟಕ್ಕೆ ಹೋಗುವ ಮೊದಲು ಕೇಳುವ ಮಕ್ಕಳೇ ಉತ್ತರ ಕೊಡತೊಡಗುತ್ತಾರೆ. ಒಬ್ಬಳು ಅಜ್ಜಿ ಹಾಕ್ತಾಳ ಎನ್ನುತ್ತಾಳೆ, ಇನ್ನೊಬ್ಬ ಮಾರಿಬಿಡ್ತಾರ ಎನ್ನುತ್ತಾನೆ. ಮಾತು ಆಡಿನ ಮರಿಯ ಬಗ್ಗೆ ನಡೆದಿರುತ್ತದೆ, ಮಗು ಹೇಳುತ್ತಿರುವುದು ತನ್ನ ಮನೆಯ ವಿಷಯವನ್ನು. ಚಿತ್ರಕ್ಕೂ ಇದೇ ಮಾತು. ಕಣ್ಣೀರಿನ ಹನಿ ಬಿಡಿಸಿದ ಮುಖಕ್ಕಿಂತ ಕಂಬ ಹಿಡಿದು ನಿಂತ ಹುಡುಗಿಯ ಬೆನ್ನು ಹೆಚ್ಚು ಹೇಳುತ್ತದೆ. ಅಕ್ಷರ ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಪುಟ ದಂಡ.

ಸಿಟ್ಟಿನ ಪುಸ್ತಕಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಸಿಟ್ಟನ್ನು ಭೂತವಾಗಿ ತೋರಿಸಿ, ಹತ್ತು ಎಣಿಸಿ, ಉಸಿರೆಳೆದು ಅದನ್ನು ಓಡಿಸುವ ಕಥೆಗಳು ಈಗ ಬಹಳ ಬರುತ್ತಿವೆ. ನಿಧಾನವಾಗಿ ಉಸಿರಾಡುವುದು ಕಲಿಯಬೇಕಾದ್ದೇ. ಆದರೆ ತಮ್ಮನು ಪೆನ್ಸಿಲ್ ಮುರಿದಾಗ ಬೈಸಿಕೊಂಡವಳು ಅಕ್ಕ ಎಂದಾದರೆ ಅಕ್ಕನ ಸಿಟ್ಟು ನ್ಯಾಯವಾದದ್ದು. ಮೊದಲು ಆ ನ್ಯಾಯವನ್ನು ಒಪ್ಪುವ, ಆಮೇಲೆ ಹೊಡೆಯುವುದು ತಪ್ಪು ಎನ್ನುವ ಪುಸ್ತಕ ಬೇಕು. ಸಿಟ್ಟೇ ತಪ್ಪು ಎಂದು ಕಲಿತ ಮಗು ಅನ್ಯಾಯವಾದಾಗಲೂ ಸುಮ್ಮನಾಗುವುದನ್ನೇ ಕಲಿಯುತ್ತದೆ.

ಇನ್ನು ಗೆಳೆತನ. ಇಬ್ಬರ ಗೆಳೆತನದ ಕಥೆ ಸುಲಭ, ತಾಪತ್ರಯ ಶುರುವಾಗುವುದು ಮೂವರಾದಾಗ. ಇಬ್ಬರು ಒಂದಾಗಿ ಮೂರನೆಯವಳಿಗೆ ಠೂ ಬಿಡುವುದು ಪ್ರಾಥಮಿಕ ಶಾಲೆಯ ನಿತ್ಯದ ಸಂಗತಿ. ದೊಡ್ಡವರಿಗೆ ಅದು ಆಟ, ಆ ಮಗುವಿಗೆ ಮಧ್ಯಾಹ್ನದ ಊಟ ಯಾರ ಪಕ್ಕ ಕೂತು ಮಾಡಬೇಕೆಂಬ ಪ್ರಶ್ನೆ. ಇದನ್ನು ಹೇಳುವ ಪುಸ್ತಕಗಳಲ್ಲಿ ಪದೇ ಪದೇ ಕಾಣುವ ದೋಷವೊಂದಿದೆ. ಯಾರೂ ಸೇರಿಸಿಕೊಳ್ಳದ ಮಗು ಕೊನೆಗೆ ಯಾರನ್ನೋ ಬಾವಿಯಿಂದ ಎತ್ತುತ್ತದೆ, ಇಲ್ಲವೇ ಪಂದ್ಯ ಗೆಲ್ಲಿಸುತ್ತದೆ, ಆಮೇಲೆ ಎಲ್ಲರೂ ಅದನ್ನು ಮೆಚ್ಚುತ್ತಾರೆ. ಸಾಹಸ ಮಾಡಿ ತೋರಿಸದೆ ಗೆಳೆತನ ಸಿಗದು ಎಂದಾಯಿತು. ಅಂಗವಿಕಲ ಮಕ್ಕಳ ಕಥೆಗಳಲ್ಲಂತೂ ಇದು ಕಟ್ಟಿಟ್ಟ ಬುತ್ತಿ. ಗಾಲಿಕುರ್ಚಿಯ ಹುಡುಗ ಬರೀ ಇತರರಿಗೆ ದಯೆ ಕಲಿಸಲು ಪುಸ್ತಕದಲ್ಲಿದ್ದಾನೆಯೇ, ಅವನಿಗೂ ಜಗಳ, ತುಂಟತನ, ಹೊಟ್ಟೆಕಿಚ್ಚು ಇದೆಯೇ ಎಂದು ನೋಡಿ.

ಜಾತಿಯ ಮಾತನ್ನು ಬಿಟ್ಟು ನಮ್ಮ ಊರುಗಳ ಗೆಳೆತನವನ್ನು ಬರೆಯಲಾಗುವುದಿಲ್ಲ. ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂರುವ ಇಬ್ಬರಲ್ಲಿ ಒಬ್ಬನು ಇನ್ನೊಬ್ಬನ ಮನೆಯ ಹೊಸ್ತಿಲಲ್ಲೇ ನಿಲ್ಲುತ್ತಾನೆ. ಮಕ್ಕಳು ಅದನ್ನು ಕಂಡಿರುತ್ತಾರೆ, ಯಾಕೆ ಎಂದು ಕೇಳಿ ಗದರಿಸಿಕೊಂಡೂ ಇರುತ್ತಾರೆ. ಆ ಹೊಸ್ತಿಲನ್ನು ತೋರಿಸುವ ಒಂದಾದರೂ ಪುಸ್ತಕ ಕಪಾಟಿನಲ್ಲಿರಬೇಕು. ಎಲ್ಲರೂ ಒಂದೇ ಎಂದು ಘೋಷಣೆ ಕೂಗುವ ಪುಸ್ತಕಗಳಿಂದ ಈ ಕೆಲಸ ಆಗದು.

ಸಾವಿನ ಪುಸ್ತಕಗಳಲ್ಲಿ ಒಂದೊಂದು ಸಾಲನ್ನೂ ಪರೀಕ್ಷಿಸಬೇಕು. ಸತ್ತವರು ವಾಪಸ್ ಬರುವುದಿಲ್ಲ, ಅವರ ದೇಹಕ್ಕೆ ನೋವು, ಹಸಿವು, ಚಳಿ ಇರುವುದಿಲ್ಲ, ಬದುಕಿರುವ ಎಲ್ಲರೂ ಒಂದಲ್ಲ ಒಂದು ದಿನ ಸಾಯುತ್ತಾರೆ ಎಂಬ ಅರಿವು ಮಕ್ಕಳಿಗೆ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಮೂಡುತ್ತದೆ. ಅದಕ್ಕಿಂತ ಚಿಕ್ಕವರು ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತಾರೆ. ‘ಅಜ್ಜಿ ಮಲಗಿದ್ದಾಳೆ’ ಎಂದರೆ ಮಗು ರಾತ್ರಿ ಮಲಗಲು ಹೆದರಬಹುದು. ‘ಊರಿಗೆ ಹೋಗಿದ್ದಾಳೆ’ ಎಂದರೆ ಬಸ್ ಬಂದಾಗಲೆಲ್ಲ ಬಾಗಿಲಿಗೆ ಓಡುತ್ತದೆ, ಹೇಳದೆ ಹೋದಳಲ್ಲ ಎಂದು ಸಿಟ್ಟಾಗುತ್ತದೆ. ‘ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ’ ಎಂದರೆ ತಾನು ಒಳ್ಳೆಯವನಾಗುವುದೋ ಬೇಡವೋ ಎಂಬ ಗೊಂದಲಕ್ಕೆ ಬೀಳುತ್ತದೆ. ‘ಸತ್ತುಹೋದಳು’ ಎಂದು ನೇರವಾಗಿ ಹೇಳುವ, ಮೈ ಕೆಲಸ ಮಾಡುವುದು ನಿಂತಿತು ಎಂದು ವಿವರಿಸುವ ಪುಸ್ತಕವೇ ಮೇಲು. ಮನೆಯವರ ನಂಬಿಕೆಯಂತೆ ದೇವರ ಮಾತು ಆಮೇಲೆ ಬರಲಿ. ಇನ್ನೊಂದು ವಿಷಯವನ್ನೂ ಪುಸ್ತಕ ಹೇಳಿದರೆ ಬಹಳ ಉಪಕಾರ: ಇದು ನಿನ್ನಿಂದ ಆದದ್ದಲ್ಲ. ‘ಅಜ್ಜಿ ಸಾಯಲಿ’ ಎಂದು ಸಿಟ್ಟಿನಲ್ಲಿ ಅಂದ ಮಗು, ಅಜ್ಜಿ ಸತ್ತರೆ ಅದು ತನ್ನ ಮಾತಿನಿಂದಲೇ ಎಂದು ನಂಬಿ ಯಾರಿಗೂ ಹೇಳದೆ ಕೊರಗಬಹುದು. ಅಪ್ಪ ಅಮ್ಮ ಬೇರೆಯಾದ ಮನೆಯ ಮಕ್ಕಳಿಗೂ ಇದೇ ಭಾರ. ಮಕ್ಕಳ ದುಃಖ ದೊಡ್ಡವರ ದುಃಖದ ಹಾಗೆ ಎಡೆಬಿಡದೆ ಇರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಈಗ ಅತ್ತ ಮಗು ಐದು ನಿಮಿಷಕ್ಕೆ ಕುಂಟೆಬಿಲ್ಲೆ ಆಡುತ್ತಿರುತ್ತದೆ. ಅದಕ್ಕೆ ಏನೂ ಅನಿಸಿಲ್ಲ ಎಂದು ತಿಳಿಯಬಾರದು.

ಪುಸ್ತಕದ ಹೊರರೂಪದ ಬಗ್ಗೆ ನಾಲ್ಕು ಮಾತು. ಒಂದನೇ, ಎರಡನೇ ತರಗತಿಯವರು ತಾವೇ ಓದುವ ಪುಸ್ತಕದ ಅಕ್ಷರ 20 ಪಾಯಿಂಟ್‌ಗಿಂತ ಚಿಕ್ಕದಿರಬಾರದು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಧಾರಾಳ ಜಾಗ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಮಗು ತಡವರಿಸುತ್ತದೆ. ಸಾಲಿನ ಕೊನೆಯಲ್ಲಿ ಶಬ್ದ ಒಡೆದಿರಬಾರದು. ಕಡು ಬಣ್ಣದ ಚಿತ್ರದ ಮೇಲೆ ಕಪ್ಪು ಅಕ್ಷರ ಅಚ್ಚಾಗಿದ್ದರೆ ಆ ಪುಸ್ತಕ ದೊಡ್ಡವರು ಓದಿ ಹೇಳಲು ಮಾತ್ರ. ಅನುವಾದವಾದರೆ ಕೊಳ್ಳುವ ಮೊದಲು ಎರಡು ಪುಟ ಗಟ್ಟಿಯಾಗಿ ಓದಿ ನೋಡಿ. ‘ಅವನು ತುಂಬಾ ಉತ್ಸಾಹಿತನಾಗಿದ್ದನು’ ಎಂಬಂಥ ಸಾಲು ಸಿಕ್ಕರೆ ಇಟ್ಟುಬಿಡಿ, ಯಾವ ಮಗುವಿನ ಮನಸ್ಸೂ ಆ ಕನ್ನಡದಲ್ಲಿ ಅಳುವುದಿಲ್ಲ, ನಗುವುದಿಲ್ಲ. ಮೈಸೂರು ಸೀಮೆಯ ಕನ್ನಡದ ಪುಸ್ತಕವನ್ನು ಬೀದರ್‌ನಲ್ಲಿ ಓದುವಾಗ ಪಾತ್ರಗಳ ಮಾತನ್ನು ಅಲ್ಲಿನ ಆಡುಮಾತಿಗೆ ತಿರುಗಿಸಿಕೊಳ್ಳಲು ಸಂಕೋಚ ಬೇಡ. ಅದರಲ್ಲೂ ಸಮಾಧಾನ ಹೇಳುವ ಮಾತು ಮನೆಯ ಮಾತಾಗಿರಬೇಕು.

ಓದಿ ಹೇಳುವ ಕೆಲಸಕ್ಕೆ ಬರೋಣ. ಪುಸ್ತಕ ಎಷ್ಟೇ ಒಳ್ಳೆಯದಿದ್ದರೂ ಹೆಚ್ಚಾಗಿ ಕೆಡುವುದು ಇಲ್ಲಿ. ಮೊದಲು ನೀವೊಬ್ಬರೇ ಎರಡು ಸಲ ಓದಿ, ಒಂದು ಸಲ ಮನಸ್ಸಿನಲ್ಲಿ, ಒಂದು ಸಲ ಗಟ್ಟಿಯಾಗಿ. ನಿಮಗೇ ಗಂಟಲು ಕಟ್ಟುವ ಪುಟ ಯಾವುದೆಂದು ಆಗ ಗೊತ್ತಾಗುತ್ತದೆ. ಚಿತ್ರ ಎಲ್ಲರಿಗೂ ಕಾಣಬೇಕಾದರೆ ಒಂದು ಗುಂಪಿನಲ್ಲಿ 15ರಿಂದ 20 ಮಕ್ಕಳು ಸಾಕು, ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುವ ನಲಿ-ಕಲಿ ಕೊಠಡಿಯಲ್ಲಿ ಹೆಚ್ಚು ಮಕ್ಕಳಿದ್ದರೆ ಎರಡು ಸರದಿ ಮಾಡಿ. ಅರ್ಧಚಂದ್ರಾಕಾರದಲ್ಲಿ ಕೂರಿಸಿ, ಪುಸ್ತಕವನ್ನು ಅವರ ಕಣ್ಣಿನ ಎತ್ತರಕ್ಕೆ ಹಿಡಿಯಿರಿ. ಕಿಟಕಿಯ ಬೆಳಕು ನುಣುಪು ಹಾಳೆಗೆ ಬಿದ್ದು ಹೊಳೆಯದಂತೆ ಒಂದಿಷ್ಟು ಓರೆಯಾಗಿ ಕೂತರೆ ಆಯಿತು. ಮೊದಲ ದಿನ ನಡುವೆ ಪ್ರಶ್ನೆ ಕೇಳದೆ ಪೂರ್ತಿ ಓದಿ. 16 ಪುಟದ ಚಿತ್ರಪುಸ್ತಕಕ್ಕೆ ಹತ್ತು ನಿಮಿಷ ಸಾಕು, ಅವಸರ ಮಾಡಿದರೆ ಮಕ್ಕಳಿಗೆ ಚಿತ್ರ ನೋಡಲು ಹೊತ್ತೇ ಸಿಗುವುದಿಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ‘ಈ ಕಥೆಯ ನೀತಿ ಏನು’ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಆ ಪ್ರಶ್ನೆ ಬಂದ ಕೂಡಲೇ ಮಕ್ಕಳು ಅನಿಸಿದ್ದನ್ನು ಬಿಟ್ಟು ಮೇಷ್ಟ್ರಿಗೆ ಬೇಕಾದ ಉತ್ತರ ಹುಡುಕತೊಡಗುತ್ತಾರೆ.

ಎರಡನೇ ದಿನ ಅದೇ ಪುಸ್ತಕವನ್ನು ನಿಲ್ಲಿಸಿ ನಿಲ್ಲಿಸಿ ಓದಿ. ಕೇಳುವ ಪ್ರಶ್ನೆ ಪಾತ್ರದ ಬಗ್ಗೆ ಇರಲಿ: ಅವಳು ಬಾಗಿಲ ಹಿಂದೆ ಯಾಕೆ ನಿಂತಳು? ಅವನ ಕೈಯಲ್ಲಿ ಏನಿದೆ? ‘ನಿನಗೂ ಹೀಗೆ ಆಗಿದೆಯಾ’ ಎಂದು ಒಂದು ಮಗುವನ್ನು ಎಲ್ಲರೆದುರು ಕೇಳಬಾರದು. ಪಾತ್ರದ ಮರೆಯಲ್ಲಿ ನಿಂತು ಮಾತಾಡುವ ಸವಲತ್ತನ್ನು ಕಥೆ ಕೊಟ್ಟಿರುತ್ತದೆ, ಆ ಪ್ರಶ್ನೆ ಅದನ್ನು ಕಿತ್ತುಕೊಳ್ಳುತ್ತದೆ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ‘ಪರವಾಗಿಲ್ಲ, ಅಳಬಾರದು’ ಎನ್ನಬೇಡಿ. ಆಮೇಲೆ ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಜಡಿಯದೆ ಒಂದು ವಾರ ಮಕ್ಕಳ ಕೈಗೆಟುಕುವ ಹಾಗೆ ಹಗ್ಗಕ್ಕೆ ನೇತುಹಾಕಿ. ಯಾರು ಮತ್ತೆ ಮತ್ತೆ ಯಾವ ಪುಟ ತೆರೆಯುತ್ತಾರೆ ಎಂಬುದನ್ನು ದೂರದಿಂದ ಗಮನಿಸಿದರೆ ಬಹಳಷ್ಟು ತಿಳಿಯುತ್ತದೆ.

ಪುಸ್ತಕ ಕೊಡುವ ಹೊತ್ತೂ ಮುಖ್ಯ. ಹೆರಿಗೆಗೆ ಎರಡು ಮೂರು ತಿಂಗಳಿರುವಾಗ ಪಾಪುವಿನ ಪುಸ್ತಕ, ವಸತಿ ಶಾಲೆಗೆ ಹೊರಡುವ ಒಂದು ತಿಂಗಳು ಮೊದಲು ಹಾಸ್ಟೆಲ್ ಕಥೆ. ಪಾಪು ಬಂದ ಮೇಲೆ ದೊಡ್ಡ ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು, ತೊದಲು ಮಾತಾಡುವುದು ಸಾಮಾನ್ಯ, ಅದನ್ನು ನಾಚಿಕೆಯ ವಿಷಯ ಮಾಡದ ಪುಸ್ತಕ ಸಿಕ್ಕರೆ ತಾಯಂದಿರಿಗೂ ಓದಲು ಕೊಡಿ. ಸಾವಾದ ಮನೆಯ ಮಗುವಿಗೆ ಅದೇ ವಾರ ಸಾವಿನ ಪುಸ್ತಕ ಕೊಡುವುದು ಬೇಡ. ಆಗ ಬೇಕಿರುವುದು ಪಕ್ಕದಲ್ಲಿ ಕೂರುವ ಮನುಷ್ಯ. ಪುಸ್ತಕ ಮೊದಲಿನಿಂದಲೇ ಕಪಾಟಿನಲ್ಲಿದ್ದರೆ ಮಗು ತನಗೆ ಬೇಕಾದಾಗ ತಾನೇ ತೆಗೆಯುತ್ತದೆ. ‘ಇದು ನಿನಗೇ ಅಂತ ತಂದದ್ದು’ ಎಂದು ಎಲ್ಲರೆದುರು ಕೈಗಿಟ್ಟರೆ ಅದು ಔಷಧಿ ಚೀಟಿಯಾಗುತ್ತದೆ. ಬೇರೆ ನಾಲ್ಕು ಪುಸ್ತಕಗಳ ಜೊತೆ ಇಟ್ಟು ಆರಿಸಿಕೊಳ್ಳಲು ಬಿಡಿ.

ಪುಸ್ತಕದ ಕೈಯಲ್ಲಾಗದ ಸಂಗತಿಗಳೂ ಇವೆ. ವಾರಗಟ್ಟಲೆ ಊಟ ಸೇರದ, ನಿದ್ದೆ ಬಾರದ, ಆಟಕ್ಕೇ ಬಾರದ, ಸಾಯುವ ಮಾತಾಡುವ ಮಗುವಿಗೆ ವೈದ್ಯರ ನೆರವು ಬೇಕು. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕಥೆ ಕೇಳುವಾಗ ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಸುಳಿವು ಕೊಟ್ಟರೆ ಅದನ್ನು ಗುಂಪಿನಲ್ಲಿ ಮುಂದುವರಿಸದೆ ಪ್ರತ್ಯೇಕವಾಗಿ ಕೇಳಿ, ಬಿಡಿಸಿ ಬಿಡಿಸಿ ವಿಚಾರಣೆ ಮಾಡಬೇಡಿ. ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡಲೂ ಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಹಣ ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ಕೇಂದ್ರದ ‘ಸಮಗ್ರ ಶಿಕ್ಷಣ’ ಯೋಜನೆಯಡಿ ಶಾಲಾ ಗ್ರಂಥಾಲಯಕ್ಕೆ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶವಿದೆ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಸದಸ್ಯತ್ವ ಉಚಿತವಾಗಿದೆ. ಮಕ್ಕಳು ಬಾಗಿಲಿಗೆ ಬಂದಿದ್ದಾರೆ, ಅವರ ವಯಸ್ಸಿಗೆ ತಕ್ಕ ಪುಸ್ತಕ ಒಳಗಿರಬೇಕು.

ಗ್ರಂಥಾಲಯಗಳಿಗಾಗಿ ಸರ್ಕಾರ ಮಾಡುವ ಸಗಟು ಖರೀದಿಯಲ್ಲಿ ಪುಟದ ಲೆಕ್ಕದಲ್ಲಿ ಬೆಲೆ ಕಟ್ಟುವ ಪದ್ಧತಿಯೇ ಚಿತ್ರಪುಸ್ತಕಗಳಿಗೆ ದೊಡ್ಡ ಅಡ್ಡಿ. ಚಿತ್ರಪುಸ್ತಕ ಸಾಮಾನ್ಯವಾಗಿ 16, 24 ಅಥವಾ 32 ಪುಟದ್ದು. ಅದರ ಖರ್ಚೆಲ್ಲ ಚಿತ್ರಕಾರರ ಸಂಭಾವನೆ, ನಾಲ್ಕು ಬಣ್ಣದ ಅಚ್ಚು ಮತ್ತು ದಪ್ಪ ಹಾಳೆಯದು. ಪುಟ ಎಣಿಸಿ ದುಡ್ಡು ಕೊಟ್ಟರೆ ಇನ್ನೂರು ಪುಟದ ಕಪ್ಪು ಬಿಳುಪು ಪುಸ್ತಕದ ಮುಂದೆ ಅದು ಸೋಲುವುದು ಖಂಡಿತ. ಹೀಗಿರುವಾಗ ಯಾವ ಪ್ರಕಾಶಕರು ಕನ್ನಡದಲ್ಲೇ ಹುಟ್ಟಿದ ಹೊಸ ಚಿತ್ರಪುಸ್ತಕಕ್ಕೆ ಕೈಹಾಕುತ್ತಾರೆ? ಮಕ್ಕಳ ಚಿತ್ರಪುಸ್ತಕಗಳಿಗೆ ಪುಟದ ಲೆಕ್ಕ ಬಿಟ್ಟು ಬೇರೆಯದೇ ದರ ನಿಗದಿಯಾಗಬೇಕು, ಆಯ್ಕೆ ಸಮಿತಿಯಲ್ಲಿ ಒಂದರಿಂದ ಮೂರನೇ ತರಗತಿಗೆ ಪಾಠ ಮಾಡುವ ಶಿಕ್ಷಕಿಯರು ಇರಬೇಕು ಎಂದು ಸಂಬಂಧಪಟ್ಟವರನ್ನು ಒತ್ತಾಯಿಸುತ್ತೇವೆ.

ಅಲ್ಲಿಯವರೆಗೆ ಮಾಡಬಹುದಾದದ್ದೂ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಇಳಿಸಿಕೊಂಡು ಅಚ್ಚು ಹಾಕಿಸಿ ಬಳಸಲು ಯಾರ ಅನುಮತಿಯೂ ಬೇಕಿಲ್ಲ, ಬರೆದವರ ಮತ್ತು ಚಿತ್ರಕಾರರ ಹೆಸರು ತೆಗೆಯಬಾರದು ಅಷ್ಟೇ. ಅಲ್ಲಿ ಓದುಗರೇ ಮಾಡಿದ ಅನುವಾದಗಳೂ ಇರುವುದರಿಂದ ಮೊದಲು ಗಟ್ಟಿಯಾಗಿ ಓದಿ ಪರೀಕ್ಷಿಸಿ. ಸಣ್ಣ ಶಾಲೆಯೊಂದು ಇಂಥ 20 ಪುಸ್ತಕಗಳಿಂದ ಶುರು ಮಾಡಬಹುದು. ಗೆಳೆತನದವು ಏಳೆಂಟು, ಊರು ಶಾಲೆ ಬದಲಾಗುವ ಕಥೆ ನಾಲ್ಕೈದು, ಸಿಟ್ಟು ಹೆದರಿಕೆಯವು ನಾಲ್ಕು, ಸಾವಿನವು ಎರಡು, ಉಳಿದದ್ದು ಪಾಪುವಿನದು. ಗೆಳೆತನದ ಪುಸ್ತಕಗಳನ್ನು ಎರಡೆರಡು ಪ್ರತಿ ತನ್ನಿ, ಮಕ್ಕಳು ಅವನ್ನು ಜೋಡಿಯಾಗಿ ಓದುತ್ತಾರೆ.

ಪಿನ್ ಹೊಡೆದ ತೆಳು ಪುಸ್ತಕ ಕರಾವಳಿ, ಮಲೆನಾಡಿನ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಹಾಳೆ ಬಿಡುತ್ತದೆ. ಪುಸ್ತಕ ಬಂದ ದಿನವೇ ಪಿನ್ ಕಿತ್ತು, ಮಡಿಕೆಯಲ್ಲಿ ಮೂರು ತೂತು ಮಾಡಿ, ನಡುವಿನ ತೂತಿನಿಂದ ಶುರುಮಾಡಿ ದಪ್ಪ ನೂಲಿನಿಂದ ಹೊಲಿಯಿರಿ, ಬೆನ್ನಿಗೆ ಬಟ್ಟೆಯ ಟೇಪು ಅಂಟಿಸಿ. ಸೆಲ್ಲೋಟೇಪು ಬೇಡ, ವರ್ಷದೊಳಗೆ ಹಳದಿಯಾಗಿ ಹಾಳೆಯನ್ನೂ ಕಿತ್ತುಕೊಂಡು ಏಳುತ್ತದೆ. ಹರಿದ ಪುಟವನ್ನು ತೆಳು ಬಿಳಿ ಕಾಗದದ ಪಟ್ಟಿಯಿಂದ ಹಿಂಬದಿಯಿಂದ ಅಂಟಿಸಬಹುದು. ಹರಿಯಿತೆಂದು ಮಗುವಿನಿಂದ ದಂಡ ವಸೂಲಿ ಮಾಡುವ ಗ್ರಂಥಾಲಯದಿಂದ ಮುಂದಿನ ವಾರ ಯಾವ ಮಗುವೂ ಪುಸ್ತಕ ಮನೆಗೆ ಒಯ್ಯುವುದಿಲ್ಲ. ಸುಗ್ಗಿ ಮುಗಿದು ಗುಳೆ ಹೊರಡುವ ಮಕ್ಕಳ ಕೈಯಲ್ಲಿ ಎರಡು ಪುಸ್ತಕ ಕೊಟ್ಟು ಕಳಿಸಲು ಮುಖ್ಯ ಶಿಕ್ಷಕರಿಗೆ ಲಿಖಿತ ಅನುಮತಿ ಸಿಗಬೇಕು. ಅವು ವಾಪಸ್ ಬಾರದಿದ್ದರೆ ಅದನ್ನು ದಾಸ್ತಾನು ಪುಸ್ತಕದಲ್ಲಿ ನಷ್ಟವೆಂದು ಶಿಕ್ಷಕರ ತಲೆಗೆ ಕಟ್ಟದಂತೆ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಪುಸ್ತಕದ ಪಟ್ಟಿಗಳು ತಯಾರಾಗುವ ಮುನ್ನವೇ ಅದು ಶಾಲೆಗಳಿಗೆ ತಲುಪಬೇಕು.

– ಮಕ್ಕಳ ಓದಿನ ಕೆಲಸದಲ್ಲಿರುವ ಕೆಲವು ಶಿಕ್ಷಕರು ಮತ್ತು ಗ್ರಂಥಪಾಲಕರು, ಧಾರವಾಡ